ಅಂತರಾ ಸೂಜಿ, ದೇವರ ಜಗಲಿ

ಪುಣೆಯ ಹಿಂಜೇವಾಡಿ ಕಡೆಯ ಲೇಬರ್ ಕ್ಯಾಂಪುಗಳಲ್ಲಿ ನನ್ನದು ನರ್ಸ್ ಕೆಲಸ. ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಕಲಬುರಗಿ ಹಳ್ಳಿಗಳ ಜನ ತುಂಬಾ ಇದ್ದಾರೆ. ನಾನು ವಿಜಯಪುರದವಳು, ಹಾಗಾಗಿ ಅವರ ಕುಟುಂಬ ಯೋಜನೆ ಮಾತೆಲ್ಲ ನನ್ನ ತಲೆಗೇ. ಒಮ್ಮೆ ಮರಾಠಿ ಸಿಸ್ಟರ್ ಒಬ್ಬರು ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ 'ತಾಂಬಿ' ಅಂದಾಗ ಒಬ್ಬಾಕೆ, "ಅಯ್ಯ, ತಂಬಿಗಿ ಒಳಗ ಹ್ಯಾಂಗ ಹಾಕ್ತಾರ್ರೀ?" ಅಂತ ಗಾಬರಿಯಾಗಿದ್ದಳು. ನಾನು ನಮ್ಮ ಕಡೆಯ ಮಾತಿನಲ್ಲಿ 'ವಂಕಿ' ಅಂದ ಮೇಲೆ ನಕ್ಕಳು. ಭಾಷೆ ಗೊತ್ತಿದ್ದರೆ ಎಲ್ಲ ಗೊತ್ತಿದ್ದಂತೆ ಅಂತ ನನಗೆ ಅವತ್ತು ಸ್ವಲ್ಪ ಕೊಬ್ಬೇ ಬಂತು.

ಆಮೇಲೆ ಬಂದವಳಿಗೆ ಎರಡು ಹೆಣ್ಣುಮಕ್ಕಳು. ಗಂಡು ಹುಟ್ಟುವ ತನಕ ಮಕ್ಕಳಾಗದ ಆಪರೇಷನ್ ಬೇಡ ಅಂತ ಊರಿನಿಂದ ಅತ್ತೆಯ ಫರ್ಮಾನು. ಅವಳಿಗೆ ಎರಡು-ಮೂರು ವರ್ಷ ಬಿಡುವು ಬೇಕಿತ್ತು. ಬಸಿರು ತಡೆಯುವ ಅಂತರಾ ಸೂಜಿ ಹೇಳಿದೆ: 3 ತಿಂಗಳಿಗೊಂದು, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಮುಟ್ಟು ಏರುಪೇರಾದೀತು ಅಂತಲೂ ಹೇಳಿದೆ, ಬಾಯಿಪಾಠದ ಹಾಗೆ.

ಎರಡನೇ ಸೂಜಿಗೆ ಬರಲಿಲ್ಲ. 4 ವಾರ ತಡವಾದರೂ ಕೊಡಬಹುದು, ಆ ಗಡುವೂ ದಾಟಿತು. ರಿಜಿಸ್ಟರಿನಲ್ಲಿ 'ಗಂಡನ ವಿರೋಧ' ಅಂತ ಬರೆದೆ. (ಗಂಡಂದಿರ ಮೇಲೆ ಇಂಥ ಎಷ್ಟು ಸುಳ್ಳು ಕೇಸು ಹಾಕಿದ್ದೇನೋ!)

ಒಂದು ಸಂಜೆ ಶೆಡ್ಡಿಗೇ ಹೋದೆ. ಗಂಡ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ, ಒಂದೂ ದುಂಡಗಿರಲಿಲ್ಲ. ಅವಳು ಬಾಗಿಲಾಚೆ.

"ಸೂಜಿ ಮಾಡಿಸ್ಕೊಂಡಾಗಿಂದ ದಿನಾ ಒಂದೀಟು ಕಾಣತದ್ರಿ ಅಕ್ಕಾರ. ದೀಪ ಹಚ್ಚಂಗಿಲ್ಲ, ಒಲಿ ಮುಟ್ಟಂಗಿಲ್ಲ. ಇಲ್ಲಿ ಇವ್ರು ಮಾಡ್ತಾರ. ಜಾತ್ರಿಗಿ ಊರಿಗಿ ಹೋದಾಗ ಹಿಂಗ ಕಡಿಗಿ ಕುಂತ್ರ ಅತ್ತಿಗಿ ಏನ್ ಹೇಳ್ಲಿ?"

'ಏರುಪೇರು' ಅಂದರೆ ಅವಳ ಮನೆಯಲ್ಲಿ ಎಷ್ಟು ದಿನದ ಅಡುಗೆ, ಎಷ್ಟು ದಿನದ ದೀಪ ಅಂತ ನಾನು ಕೇಳಿರಲೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ಆಪರೇಷನ್ ಆದವರು ಶೇ. 37.9. ಸೂಜಿಯವರು ಶೇ. 1 ಕೂಡ ಇಲ್ಲ. ಆಪರೇಷನ್ ಆದರೂ ತಿಂಗಳ ಮುಟ್ಟು ಮೊದಲಿನಂತೆಯೇ ಬರುತ್ತದೆ, ಮನೆಯ ಲೆಕ್ಕ ತಪ್ಪುವುದಿಲ್ಲ. ಈ ಅಂಕಿಯ ಹಿಂದೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಈಗ ಮೊದಲು ಕೇಳುವುದೇ, "ಮುಟ್ಟಾದಾಗ ನಿಮ್ಮನ್ಯಾಗ ಅಡಿಗಿ ಯಾರ್ ಮಾಡ್ತಾರವಾ?"

ಗರ್ಭ ಇಲ್ಲ ಅಂತ ಪರೀಕ್ಷೆ ಮಾಡಿ ಅವಳಿಗೆ ಬಸಿರು ತಡೆಯುವ ಛಾಯಾ ಗುಳಿಗೆ ಕೊಟ್ಟೆ, 3 ತಿಂಗಳು ವಾರಕ್ಕೆ 2, ಆಮೇಲೆ ವಾರಕ್ಕೆ 1. ಮುಟ್ಟು ತಡವಾಗಬಹುದು ಅನ್ನುವುದನ್ನು ಈ ಸಲ ಕೂತು, ನಿಧಾನಕ್ಕೆ ಹೇಳಿದೆ. "ತಡಾ ಆದ್ರ ನಡೀತದ್ರಿ" ಅಂದಳು. ಗುಳಿಗೆ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳದಲ್ಲಿದೆ. ರವಿವಾರ, ಬುಧವಾರ ಗಂಡನೇ ನೆನಪು ಮಾಡುತ್ತಾನಂತೆ.

ರಿಜಿಸ್ಟರಿನ ಆ ಎರಡು ಪದ ಹೊಡೆದು ಹಾಕಿದೆ.