ಎರಡು ಶನಿವಾರಗಳ ವಾರ

ರಾತ್ರಿ ಎರಡು ಗಂಟೆಗೆ ಸರಿಯಾಗಿ ನಮ್ಮ ಬೇಕರಿಯ ಗೋಡೆಗಡಿಯಾರದ ದೊಡ್ಡ ಮುಳ್ಳು ಯಾರೂ ಮುಟ್ಟದೆ ಗಿರ್ರನೆ ಒಂದು ಸುತ್ತು ಹಾಕಿ ಮತ್ತೆ ಹನ್ನೆರಡರ ಮೇಲೆ ಬಂದು ನಿಲ್ಲುತ್ತದೆ, ಅಷ್ಟರಲ್ಲಿ ಚಿಕ್ಕ ಮುಳ್ಳು ಮೂರಕ್ಕೆ ಸರಿದಿರುತ್ತದೆ. ಹಡಗಿನ ಗಡಿಯಾರಗಳೆಲ್ಲ ಒಂದು ಮುಖ್ಯ ಗಡಿಯಾರಕ್ಕೆ ಸೇರಿಕೊಂಡಿರುವುದರಿಂದ ಮೇಲಿನಿಂದ ಯಾರೋ ಒಬ್ಬರು ಸಮಯ ಬದಲಿಸಿದರೆ ಊಟದ ಸಭಾಂಗಣದಿಂದ ಲಾಂಡ್ರಿಯವರೆಗೆ ಎಲ್ಲ ಕಡೆಯೂ ಮುಳ್ಳುಗಳು ಒಟ್ಟಿಗೇ ಓಡುತ್ತವೆ. ಮೊದಲ ಸಲ ಕಂಡಾಗ ನನಗೆ ಅದು ತಮಾಷೆಯಾಗಿತ್ತು. ಈಗ ಆ ಮುಳ್ಳು ತಿರುಗುವುದನ್ನು ಕಂಡರೆ ಬಸ್ಸಿನಲ್ಲಿ ಜೇಬುಗಳ್ಳನನ್ನು ಕಣ್ಣೆದುರೇ ಕಂಡೂ ಸುಮ್ಮನೆ ಕುಳಿತಂತಾಗುತ್ತದೆ.

ನಾನು ಪ್ರಯಾಣಿಕರ ಹಡಗೊಂದರಲ್ಲಿ ರಾತ್ರಿ ಪಾಳಿಯ ಬೇಕರ್. ಊರು ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಮರವಂತೆಯಿಂದ ಹೆಚ್ಚು ದೂರವಿಲ್ಲ. ಬೆಂಗಳೂರಿನ ಬೇಕರಿಯೊಂದರಲ್ಲಿ ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು ಮಾಡುವುದನ್ನು ಕಲಿತು, ಆಮೇಲೆ ಹೋಟೆಲುಗಳಲ್ಲಿ ದುಡಿದು, ಸುರಕ್ಷತಾ ತರಬೇತಿ, ವೈದ್ಯಕೀಯ ತಪಾಸಣೆ, ಕಡಲ ಕೆಲಸಗಾರರ ದಾಖಲೆಯಾದ ಸಿಡಿಸಿ ಪುಸ್ತಕ, ವೀಸಾ ಎಂದು ಒಂದೊಂದೇ ಕಾಗದ ಕೂಡಿಸಿಕೊಂಡು ಹಡಗು ಹತ್ತಿದವನು. ಇದು ನನ್ನ ನಾಲ್ಕನೆಯ ಕಾಂಟ್ರಾಕ್ಟ್. ಕ್ರೂಸ್ ಹಡಗಿನಲ್ಲಿ ಕೆಲಸ ಎಂದ ಕೂಡಲೇ ಊರಿನವರು ಅಲೆ, ಬಿರುಗಾಳಿ, ವಾಂತಿ ಇವುಗಳನ್ನೇ ಕೇಳುತ್ತಾರೆ. ದೊಡ್ಡ ಹಡಗಿನ ಎರಡೂ ಪಕ್ಕಗಳಲ್ಲಿ ನೀರಿನೊಳಗೆ ರೆಕ್ಕೆಗಳಿರುತ್ತವೆ, ಓಲಾಟ ಬಹುಮಟ್ಟಿಗೆ ಅವಕ್ಕೇ ಹೋಗುತ್ತದೆ, ಉಳಿದದ್ದು ಒಂದು ವಾರದಲ್ಲಿ ಮೈಗೆ ಒಗ್ಗುತ್ತದೆ. ನಾಲ್ಕು ಕಾಂಟ್ರಾಕ್ಟ್ ಕಳೆದರೂ ಒಗ್ಗದೆ ಉಳಿದಿರುವುದು ಗಡಿಯಾರ ಮಾತ್ರ.

ಈ ಸಲದ ಪಯಣವನ್ನೇ ಹೇಳುತ್ತೇನೆ. ದಕ್ಷಿಣ ಗೋಳಾರ್ಧದಲ್ಲಿ ಬೇಸಿಗೆ ಮುಗಿಯುತ್ತಿದ್ದಂತೆ ಅಲ್ಲಿದ್ದ ಹಡಗುಗಳಲ್ಲಿ ಕೆಲವು ಅಲಾಸ್ಕಾದ ಬೇಸಿಗೆಗಾಗಿ ಉತ್ತರಕ್ಕೆ ಹೊರಡುತ್ತವೆ. ಖಾಲಿ ಹಡಗನ್ನು ಅಷ್ಟು ದೂರ ಒಯ್ಯುವ ಬದಲು ಅದನ್ನೇ ದೀರ್ಘ ಪ್ರವಾಸವೆಂದು ಮಾರುತ್ತಾರೆ. ಹಾಗೆ ನಾವು ಏಪ್ರಿಲ್ ತಿಂಗಳಲ್ಲಿ ಸಿಡ್ನಿ ಬಿಟ್ಟು, ಆಕ್ಲೆಂಡ್, ತಹೀತಿಯ ಪಪೀಟೆ, ಹೊನೊಲುಲುಗಳ ಮೂಲಕ ಕೆನಡಾದ ವ್ಯಾಂಕೂವರಿಗೆ ಹೊರಟೆವು. ನಡುವೆ ಸಿಗುವ ಬಂದರುಗಳು ಮೂರೇ, ಉಳಿದದ್ದೆಲ್ಲ ಪೆಸಿಫಿಕ್ ಸಾಗರ. ಕ್ಯಾಲೆಂಡರಿನ ಪ್ರಕಾರ ಅದು 21 ದಿನದ ಪಯಣ, ಆದರೆ ನಾವು ದುಡಿದದ್ದು 22 ದಿನ. ಈ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಹಡಗು ಪೂರ್ವಕ್ಕೆ ಸಾಗಿದಂತೆ ಸೂರ್ಯ ಬೇಗ ಹುಟ್ಟುವುದರಿಂದ ಗಡಿಯಾರವನ್ನು ಮುಂದಕ್ಕೆ ಇಡುತ್ತ ಹೋಗಬೇಕು. ಸಿಡ್ನಿಯಿಂದ ಆಕ್ಲೆಂಡಿಗೆ ಎರಡು ಗಂಟೆ, ಆಕ್ಲೆಂಡಿನಿಂದ ಪಪೀಟೆಗೆ ಎರಡು, ಹೊನೊಲುಲುವಿನಿಂದ ವ್ಯಾಂಕೂವರಿಗೆ ಮೂರು, ಒಟ್ಟು ಏಳು ರಾತ್ರಿ ಒಂದೊಂದು ಗಂಟೆ ಕಳೆದುಹೋಗುತ್ತದೆ. ಪ್ರಯಾಣಿಕರಿಗೆ ಹಿಂದಿನ ಸಂಜೆಯೇ ಕೋಣೆಗೆ ಚೀಟಿ ಹೋಗಿರುತ್ತದೆ. ಅವರು ಬೆಳಿಗ್ಗೆ ತುಸು ತಡವಾಗಿ ಏಳಬಹುದು, ಮಧ್ಯಾಹ್ನ ಈಜುಕೊಳದ ಬದಿಯ ಕುರ್ಚಿಯಲ್ಲಿ ಮುಖದ ಮೇಲೆ ಪುಸ್ತಕ ಮುಚ್ಚಿಕೊಂಡು ಆ ಗಂಟೆಯನ್ನು ವಸೂಲು ಮಾಡಿಕೊಳ್ಳಬಹುದು. ನಮ್ಮಲ್ಲಿ ಆ ಗಂಟೆ ಕೆಲಸದ ನಡುವಿನಿಂದಲೇ ಹೋಗುತ್ತದೆ. ಬಫೆಯ ಬಾಗಿಲು ಆರಕ್ಕೇ ತೆರೆಯಬೇಕು, ಕ್ರೋಸಾಂಟ್ ಆ ಹೊತ್ತಿಗೆ ಬಿಸಿಯಾಗಿರಬೇಕು, ಆದರೆ ಹಿಟ್ಟು ಹುಳಿಬಂದು ಉಬ್ಬಲು ಎಷ್ಟು ಹೊತ್ತು ಬೇಕೋ ಅಷ್ಟು ಬೇಕೇ ಬೇಕು. ಆದ್ದರಿಂದ ಒಂಬತ್ತಕ್ಕೆ ಶುರುವಾಗುವ ನಮ್ಮ ಪಾಳಿ ಆ ರಾತ್ರಿಗಳಲ್ಲಿ ಎಂಟಕ್ಕೇ ಶುರುವಾಗುತ್ತದೆ.

ಬೇಕರಿಗೆ ಕಿಟಕಿಯಿಲ್ಲ. ಸ್ಟೀಲಿನ ಗೋಡೆ, ಸ್ಟೀಲಿನ ಮೇಜು, ಮೇಜಿನ ಅಂಚಿಗೆ ಪಾತ್ರೆ ಜಾರದಂತೆ ಒಂದು ಗಿಡ್ಡ ಕಟ್ಟೆ, ಲಟ್ಟಿಸುವ ಹಲಗೆಯ ಕೆಳಗೆ ಒದ್ದೆ ಬಟ್ಟೆ. ಹಡಗು ಓಲಾಡುವ ರಾತ್ರಿ ತಟ್ಟೆಗಳನ್ನು ಜೋಡಿಸಿದ ಗಾಲಿಯ ರ‍್ಯಾಕುಗಳನ್ನು ಗೋಡೆಗೆ ಕೊಂಡಿ ಹಾಕಿ ನಿಲ್ಲಿಸಬೇಕು, ಇಲ್ಲದಿದ್ದರೆ ಅವು ತಾವಾಗಿಯೇ ನಡೆದುಕೊಂಡು ಬಂದು ಬೆನ್ನಿಗೆ ಗುದ್ದುತ್ತವೆ. ಅಂಥ ರಾತ್ರಿ ಕೇಕಿನ ಹಿಟ್ಟು ಅಚ್ಚಿನೊಳಗೇ ಒಂದು ಬದಿಗೆ ವಾಲಿಕೊಂಡು ಬೇಯುತ್ತದೆ, ಹೊರಗೆ ತೆಗೆದಾಗ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಎರಡೇ ಬೆರಳು. ಅದನ್ನು ಕತ್ತರಿಸಿ ಸಮ ಮಾಡಿ ಮೇಲೆ ಕ್ರೀಮು ಬಳಿಯುವುದು ನಮ್ಮಲ್ಲಿ ಎಲ್ಲರಿಗೂ ಬರುವ ವಿದ್ಯೆ. ಭೂಮಧ್ಯರೇಖೆಯ ಹತ್ತಿರದ ಸೆಕೆಯಲ್ಲಿ ಹಿಟ್ಟು ಹುಚ್ಚು ಹಿಡಿದಂತೆ ಉಬ್ಬುವುದರಿಂದ ನಾದುವ ನೀರಿಗೆ ಐಸ್ ಸುರಿಯುತ್ತೇವೆ. ಆ ನೀರಾದರೂ ಸಮುದ್ರದ್ದೇ, ಇಂಜಿನಿನ ಕಾವಿನಲ್ಲಿ ಭಟ್ಟಿಯಿಳಿಸಿ ಉಪ್ಪು ಕಳೆದದ್ದು. ಕಡಲ ಬದಿಯಲ್ಲಿ ಹುಟ್ಟಿ, ಉಪ್ಪುನೀರು ಬಾವಿಗೆ ನುಗ್ಗಿತೆಂದು ಬೇಸಿಗೆಯಲ್ಲಿ ದೂರದಿಂದ ಕೊಡ ಹೊತ್ತು ತಂದ ಮನೆಯವನಿಗೆ ಇದು ಇವತ್ತಿಗೂ ಸ್ವಲ್ಪ ಹೊಟ್ಟೆ ಉರಿಸುವ ಸಂಗತಿ.

ಬೆಳಿಗ್ಗೆ ಏಳಕ್ಕೆ ಕೆಲಸ ಬಿಟ್ಟು, ಹಡಗಿನ ಈ ತುದಿಯಿಂದ ಆ ತುದಿಗೆ ಹೋಗುವ ಕೆಳ ಅಂತಸ್ತಿನ ಉದ್ದನೆಯ ಓಣಿಗೆ ಬರುತ್ತೇನೆ. ಅಮೆರಿಕದ ಹೆದ್ದಾರಿಯೊಂದರ ಹೆಸರಿನಲ್ಲಿ ಅದನ್ನು ಎಲ್ಲರೂ ಐ-ನೈಂಟಿಫೈವ್ ಎಂದು ಕರೆಯುತ್ತಾರೆ. ತರಕಾರಿಯ ಗಾಡಿ, ಕೊಳೆಬಟ್ಟೆಯ ಗಾಡಿ, ಮುಖಕ್ಕೆ ಬಣ್ಣ ಹಚ್ಚಿದ ನರ್ತಕಿಯರು, ಎಣ್ಣೆಯ ಕೈಯ ಇಂಜಿನ್ ಹುಡುಗರು ಎಲ್ಲರೂ ಅಲ್ಲಿಯೇ ಹಾದುಹೋಗಬೇಕು. ಕ್ರೂ ಮೆಸ್ಸಿನಲ್ಲಿ ಭಾರತದವರೂ ಫಿಲಿಪೀನ್ಸಿನವರೂ ಬಹಳ ಇರುವುದರಿಂದ ಅನ್ನಕ್ಕೆ ಬರವಿಲ್ಲ, ಬೇಳೆ ಸಾರು ದಿನವೂ ಇರುತ್ತದೆ. ಕುಚ್ಚಲಕ್ಕಿ ಗಂಜಿ ಮಾತ್ರ ಇಲ್ಲ, ಅದನ್ನು ನೆನೆಯುತ್ತ ಕುಳಿತರೆ ಎಂಟು ತಿಂಗಳು ಕಳೆಯುವುದು ಕಷ್ಟ. ತಿಂದು, ಮಲಗುವ ಮುನ್ನ ಸಿಬ್ಬಂದಿಗೆಂದು ಬಿಟ್ಟಿರುವ ಮುಂಭಾಗದ ತೆರೆದ ಡೆಕ್ಕಿಗೆ ಹತ್ತು ನಿಮಿಷ ಹೋಗಿ ನಿಲ್ಲುತ್ತೇನೆ. ಹಡಗಿನ ಮೂತಿ ಸೀಳಿದ ನೀರಿನಿಂದ ಹಾರುಮೀನುಗಳು ಗುಂಪಾಗಿ ಎದ್ದು, ಎಸೆದ ಬೆಳ್ಳಿ ಚಮಚಗಳ ಹಾಗೆ ಹೊಳೆದು, ಅಷ್ಟು ದೂರ ಹೋಗಿ ಬೀಳುತ್ತವೆ. ನನಗೆ ದಿನದ ಬಿಸಿಲು ಎಂದರೆ ಅಷ್ಟೇ.

ನಂತರ ನಿದ್ರೆ, ಬಂದರೆ. ಕಡಲ ಕೆಲಸಗಾರರ ಬಗ್ಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ಅದು 2013ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು, ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಅದರಲ್ಲಿ ಒಂದು ತುಂಡಾದರೂ 6 ಗಂಟೆಗೆ ಕಡಿಮೆಯಿರಬಾರದು. ಈ ಒಪ್ಪಂದ ಬಂದದ್ದರಿಂದ ನಮ್ಮಂಥವರಿಗೆ ಒಳ್ಳೆಯದೇ ಆಗಿದೆ, ಹಳಬರ ಕಥೆ ಕೇಳಿದರೆ ಅದು ತಿಳಿಯುತ್ತದೆ. ಆದರೆ ಪಪೀಟೆ ಬಂದರಿನಲ್ಲಿ ನಾನು ಎಂಟಕ್ಕೆ ಮಲಗಿ, ಹತ್ತಕ್ಕೆ ತುರ್ತು ಅಭ್ಯಾಸದ, ಅಂದರೆ ಡ್ರಿಲ್ಲಿನ, ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಕೇಳಿ ಎದ್ದು, ಜೀವರಕ್ಷಕ ಜಾಕೆಟ್ ತೊಟ್ಟು ನನ್ನ ದೋಣಿಯ ಬಳಿ ನಿಂತು ಹೆಸರು ಕೂಗಿಸಿಕೊಂಡು, ಹನ್ನೊಂದೂವರೆಗೆ ಮತ್ತೆ ಹಾಸಿಗೆಗೆ ಬಂದು ಸಂಜೆಯವರೆಗೆ ಮಲಗಿದಾಗ, ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು, ಆರು ಗಂಟೆಯ ತುಂಡೂ ಇತ್ತು. ಕಣ್ಣು ಮಾತ್ರ ಅದನ್ನು ಒಪ್ಪಲಿಲ್ಲ. ಡ್ರಿಲ್ ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ಪಾಳಿಯವರಿಗೂ ಒಮ್ಮೊಮ್ಮೆ ಸಂಜೆ ಇಟ್ಟರಾಗದೇ ಎಂದು ಕೇಳುತ್ತ ಬಂದಿದ್ದೇವೆ, ಅಷ್ಟೇ.

ಈಗ ಆ 22ನೆಯ ದಿನದ ವಿಷಯ. ಆಕ್ಲೆಂಡ್ ಬಿಟ್ಟ ಮೇಲೆ ಒಂದು ಶನಿವಾರ ಮುಗಿದು ಮಧ್ಯರಾತ್ರಿ ದಾಟಿದಾಗ ಭಾನುವಾರ ಬರಲಿಲ್ಲ, ಮತ್ತೆ ಶನಿವಾರವೇ ಬಂತು. ಅಂತರರಾಷ್ಟ್ರೀಯ ದಿನರೇಖೆಯನ್ನು ಪೂರ್ವಕ್ಕೆ ದಾಟುವವರು ಒಂದು ದಿನವನ್ನು ಎರಡು ಸಲ ಬದುಕಬೇಕು. ಆ ರೇಖೆ ನಕಾಶೆಯಲ್ಲಿ ನೆಟ್ಟಗಿಲ್ಲ, ದೇಶಗಳ ಅನುಕೂಲಕ್ಕೆ ತಕ್ಕಂತೆ ಅತ್ತಿತ್ತ ಬಾಗಿದೆ. ಸಮೋವಾ ದೇಶದವರು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನೊಡನೆ ವ್ಯಾಪಾರಕ್ಕೆ ಸುಲಭವಾಗಲೆಂದು 2011ರಲ್ಲಿ ರೇಖೆಯ ಈಚೆಗೆ ಬಂದರು, ಅದಕ್ಕಾಗಿ ಆ ವರ್ಷದ ಡಿಸೆಂಬರ್ 30 ಎಂಬ ಶುಕ್ರವಾರವನ್ನೇ ಬಿಟ್ಟುಕೊಟ್ಟರು. ಪಕ್ಕದ ಅಮೆರಿಕನ್ ಸಮೋವಾ ಆಚೆಗೇ ಉಳಿಯಿತು. ಆದ್ದರಿಂದ ಕಡಲಿನಲ್ಲಿ ಒಂದು ರಾತ್ರಿಯೂ ಹಿಡಿಯದಷ್ಟು ಹತ್ತಿರವಿರುವ ಎರಡು ದ್ವೀಪಗಳಲ್ಲಿ ಗಡಿಯಾರ ಒಂದೇ ಹೊತ್ತು ತೋರಿಸುತ್ತದೆ, ಕ್ಯಾಲೆಂಡರ್ ಮಾತ್ರ ಬೇರೆ ಬೇರೆ ದಿನ.

ಪ್ರಯಾಣಿಕರು ಆ ಎರಡನೆಯ ಶನಿವಾರವನ್ನು ಪುಕ್ಕಟೆ ಸಿಕ್ಕ ರಜೆಯೆಂದು ಸಂಭ್ರಮಿಸಿದರು. ಅಂದು ಹುಟ್ಟುಹಬ್ಬವಿದ್ದ ಒಬ್ಬ ಅಜ್ಜಿಗೆ ಎರಡು ದಿನವೂ ಕೇಕು ಹೋಯಿತು. ಕೆಳಗೆ ಬೇಕರಿಯಲ್ಲಿ ಸಮಸ್ಯೆ ಬೇರೆಯೇ ಇತ್ತು. ನಾವು ತಯಾರಿಸಿದ ಪ್ರತಿಯೊಂದು ಡಬ್ಬಕ್ಕೂ ತಯಾರಾದ ದಿನ, ಬಿಸಾಡಬೇಕಾದ ದಿನ ಬರೆದ ಚೀಟಿ ಅಂಟಿಸಬೇಕು. ಅಮೆರಿಕದ ಬಂದರಿಗೆ ಹೋಗುವ ಹಡಗೆಂದರೆ ಅಲ್ಲಿನ ಆರೋಗ್ಯ ಇಲಾಖೆಯವರು ಮುನ್ಸೂಚನೆಯಿಲ್ಲದೆ ಹತ್ತಿ ಅಡುಗೆಮನೆಯ ಮೂಲೆ ಮೂಲೆಗೂ ಟಾರ್ಚು ಬಿಟ್ಟು ನೋಡಿ ನೂರಕ್ಕೆ ಅಂಕ ಕೊಡುತ್ತಾರೆ, 86ಕ್ಕಿಂತ ಕಡಿಮೆ ಬಂದರೆ ನಪಾಸು. ಹೀಗಿರುವಾಗ ಶೀತಲಪೆಟ್ಟಿಗೆಯಲ್ಲಿ ಒಂದೇ ತಾರೀಖಿನ, ಆದರೆ ಒಂದು ದಿನ ಹಿರಿಕಿರಿಯ ಕಸ್ಟರ್ಡ್ ಡಬ್ಬಗಳು ಸಾಲಾಗಿ ಕುಳಿತಿದ್ದವು. ಚೀಟಿಯ ಮೇಲೆ ಒಂದು, ಎರಡು ಎಂದು ಬರೆಯಬೇಕೆಂದು ಮುಖ್ಯ ಬೇಕರ್ ಹೇಳಿದ್ದು ನಿಜ. ಹೇಳಿದ್ದು ಮೊದಲನೆಯ ಶನಿವಾರದ ಕೆಲಸ ಮುಗಿದ ಮೇಲೆ. ಯಾವುದು ಯಾವುದೆಂದು ಪ್ರಮಾಣ ಮಾಡಿ ಹೇಳಲಾರದ ಎರಡು ಡಬ್ಬವನ್ನು, ನನ್ನ ಕೈಯಾರೆ ಕಲಕಿ ಕಾಯಿಸಿದ್ದನ್ನು, ನಾನೇ ಕಸಕ್ಕೆ ಸುರಿದೆ.

ಲಾಂಡ್ರಿಯಲ್ಲಿ ಕುಮಟಾ ಕಡೆಯ ಗೆಳೆಯನೊಬ್ಬನಿದ್ದಾನೆ. ಅವನು ಶನಿವಾರ ಒಪ್ಪತ್ತು ಮಾಡುವವನು, ರಾತ್ರಿ ಹಣ್ಣು ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ಎರಡನೆಯ ಶನಿವಾರದ ಸಂಜೆ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತು, "ಇವತ್ತು ಊರಲ್ಲಿ ಭಾನುವಾರ ಆಗಿ ಹೋಯ್ತಲ್ಲ ಮಾರಾಯ, ನನ್ನ ಒಪ್ಪತ್ತು ಊರಿನ ಲೆಕ್ಕವೋ, ಹಡಗಿನ ಲೆಕ್ಕವೋ?" ಎಂದು ಕೇಳಿದ. ನಾನು ಊರಿನ ಲೆಕ್ಕವೇ ಇರಲಿ ಎಂದೆ. ಅವನು ಸ್ವಲ್ಪ ಹೊತ್ತು ಬಿಸಿ ಅನ್ನವನ್ನು ನೋಡಿ, ಶನಿದೇವರ ಜೊತೆ ವಕೀಲಿಕೆ ಮಾಡುವುದು ಬೇಡವೆಂದು ಎರಡು ಬಾಳೆಹಣ್ಣು ತೆಗೆದುಕೊಂಡು ಹೋದ. ಸಂಬಳದ ಚೀಟಿಯಲ್ಲಿ ಆ ಎರಡನೆಯ ಶನಿವಾರವನ್ನು ಎಲ್ಲಿ ತೋರಿಸುತ್ತಾರೆಂದು ಕೆಳ ಅಂತಸ್ತಿನಲ್ಲಿ ಒಂದು ವಾರ ನಗುತ್ತ ಚರ್ಚೆಯಾಯಿತು. ತಿಂಗಳ ಸಂಬಳದವರಿಗೆ ಅದು ಎಲ್ಲಿಯೂ ಕಾಣುವುದಿಲ್ಲ.

ಪಪೀಟೆಯಿಂದ ಹೊನೊಲುಲುವಿಗೆ ಐದು ದಿನ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಹೋಗುವುದರಿಂದ ಗಡಿಯಾರ ತೆಪ್ಪಗಿರುತ್ತದೆ. ಎರಡೂ ಊರಿಗೆ ಒಂದೇ ಸಮಯ. ಆ ಐದು ದಿನ ನನಗೆ ಹಬ್ಬ. ಭೂಮಧ್ಯರೇಖೆ ದಾಟುವ ದಿನ ಕೊಳದ ಬದಿಯಲ್ಲಿ ಸಮುದ್ರರಾಜನ ವೇಷದವನೊಬ್ಬ ಬಂದು ಹೊಸಬರಿಗೆ ದೀಕ್ಷೆ ಕೊಡುತ್ತಾನೆ, ಅವರ ತಲೆಯ ಮೇಲೆ ಸುರಿಯುವ ಬಣ್ಣಬಣ್ಣದ ಲೋಳೆ ನಮ್ಮ ಬೇಕರಿಯದು. ಐಸಿನಲ್ಲಿಟ್ಟ ದೊಡ್ಡ ಮೀನಿಗೆ ಮುತ್ತು ಕೊಡಬೇಕೆಂಬುದೂ ಆ ಶಾಸ್ತ್ರದಲ್ಲಿದೆ. ಬಂಗುಡೆ, ಬೂತಾಯಿ ತಿಂದು ಬೆಳೆದ ನನಗೆ ಮೊದಲ ವರ್ಷ ಅದು ಶಿಕ್ಷೆಯೆಂದು ಅನ್ನಿಸಲೇ ಇಲ್ಲ, ಇಷ್ಟು ಒಳ್ಳೆಯ ಮೀನನ್ನು ಆಟಕ್ಕೆ ಇಟ್ಟರಲ್ಲ ಎಂದು ಬೇಸರವಾಗಿತ್ತು.

ಹೊನೊಲುಲು ಬಿಟ್ಟ ಮೇಲೆ ಮತ್ತೆ ಮುಳ್ಳು ತಿರುಗತೊಡಗಿತು. ಐದು ದಿನದಲ್ಲಿ ಮೂರು ಸಲ. ಸಮುದ್ರ ದಿನದಿನಕ್ಕೆ ಬೂದುಬಣ್ಣಕ್ಕೆ ತಿರುಗಿತು, ತಣ್ಣಗಿನ ಮಂಜು ಕವಿಯಿತು, ಹಾರುಮೀನು ಇಲ್ಲವಾದವು, ಹಿಟ್ಟೂ ಸೋಮಾರಿಯಾಯಿತು. ಕೊನೆಯ ಸಲ ಗಂಟೆ ಕಳೆದ ರಾತ್ರಿ ಬೇಕರಿಯ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ. ಮುಳ್ಳು ತಿರುಗುವಾಗ ಇಂಡೋನೇಷ್ಯಾದ ಹುಡುಗನೊಬ್ಬ ಗಡಿಯಾರಕ್ಕೆ ಒದ್ದೆ ಹಿಟ್ಟಿನ ಉಂಡೆಯೊಂದನ್ನು ಎಸೆದ. ಅದು ಎಂಟರ ಮೇಲೆ ಅಂಟಿಕೊಂಡಿತು, ತೆಗೆಯಲು ಏಣಿ ಬೇಕಾಯಿತು.

ಇಷ್ಟು ದಿನ ನಮ್ಮ ಮನೆಯಲ್ಲಿಯೂ ಒಂದು ಗಡಿಯಾರ ಹಡಗಿನ ಜೊತೆ ಓಡುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ಹಳೆಯ ಗೋಡೆಗಡಿಯಾರವೊಂದನ್ನು ನನ್ನ ಸಮಯಕ್ಕೆ ಇಟ್ಟುಕೊಂಡಿದ್ದಾಳೆ. ಸಿಡ್ನಿಯಲ್ಲಿದ್ದಾಗ ನಾನು ಊರಿಗಿಂತ ನಾಲ್ಕೂವರೆ ಗಂಟೆ ಮುಂದಿದ್ದೆ, ಆಕ್ಲೆಂಡಿನಲ್ಲಿ ಆರೂವರೆ ಗಂಟೆ. ಹೊನೊಲುಲು ತಲುಪುವಷ್ಟರಲ್ಲಿ ಹದಿನೈದೂವರೆ ಗಂಟೆ ಹಿಂದೆ ಬಿದ್ದಿದ್ದೆ. ಮುಂದೆ ಮುಂದೆ ಇಡುತ್ತ ಹೋದ ಗಡಿಯಾರ ಹಿಂದೆ ಬಿದ್ದದ್ದು ಹೇಗೆಂದು ಅವಳಿಗೆ ಫೋನಿನಲ್ಲಿ ತಿಳಿಸಲು ಎರಡು ಸಲ ಸೋತಿದ್ದೇನೆ. ಮೂರನೆಯ ಸಲ ತಂಗಿ ತೆಂಗಿನಕಾಯಿಯೊಂದನ್ನು ದೀಪದ ಮುಂದೆ ತಿರುಗಿಸಿ ತೋರಿಸಿದಳಂತೆ, ಕಾಯಿ ಸಾರಿಗೆ ಹೋಯಿತು, ವಿಷಯ ಅರ್ಥವಾಗಲಿಲ್ಲ.

ವ್ಯಾಂಕೂವರಿನಲ್ಲಿ ಹಡಗು ಕಟ್ಟಿದ ಬೆಳಿಗ್ಗೆ ಪಾಳಿ ಮುಗಿಸಿ, ಡೆಕ್ಕಿನಲ್ಲಿ ಜಾಕೆಟ್ ಹಾಕಿಕೊಂಡು ನಿಂತು ಏಳೂವರೆಗೆ ಫೋನ್ ಮಾಡಿದೆ. ಊರಿನಲ್ಲಿ ರಾತ್ರಿ ಎಂಟು, ಅಮ್ಮನ ಊಟ ಆಗಿತ್ತು. "ಅಲ್ಲಿ ಈಗ ಎಷ್ಟ್ ಗಂಟಿ ಮಗಾ?" ಎಂದು ಎಂದಿನಂತೆ ಕೇಳಿದಳು. ಬೆಳಿಗ್ಗೆ ಏಳೂವರೆ ಎಂದೆ. ಆಚೆ ಕಡೆ ಸ್ಟೂಲು ಎಳೆದ ಸದ್ದು, ತಂಗಿಯನ್ನು ಕರೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, ಆ ಹಳೆಯ ಗಡಿಯಾರವನ್ನು ಕೆಳಗಿಳಿಸಿ ಸೆಲ್ ತೆಗೆದಿಟ್ಟೆ, ಇನ್ನು ನನ್ನ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದುಕೊಂಡರೆ ನಿನ್ನದು ಸಿಕ್ಕಿತಲ್ಲ, ನನಗೆ ರಾತ್ರಿಯಾದರೆ ನಿನಗೆ ಹಗಲು ಎಂದು ನೆನಪಿಟ್ಟರಾಯಿತು ಎಂದಳು. ಬೇಸಿಗೆ ಮುಗಿಯುವವರೆಗೆ ನಮ್ಮ ಹಡಗು ಇದೇ ಬಂದರಿನಿಂದ ಅಲಾಸ್ಕಾಕ್ಕೆ ಹೋಗಿಬರುತ್ತದೆ, ಅಲಾಸ್ಕಾ ಹೊತ್ತು ಒಂದು ಗಂಟೆ ಹಿಂದೆ ಎಂಬುದನ್ನು ನಾನು ಅಂದು ಹೇಳಲು ಹೋಗಲಿಲ್ಲ.