ಲೇಬಲ್ಲಿನ ಮೇಲೆ ಜಾಗ ಸಿಗದ ಡ್ರಮ್ಮರ್

ಬಹಳ ವರ್ಷ ನಾನು ಒಂದು ಡ್ರಮ್ ಲಯವನ್ನು ಯಂತ್ರದ ಕೆಲಸವೆಂದೇ ತಿಳಿದಿದ್ದೆ. 1980ರ ದಶಕದ ಕೊನೆಯ ರಾಪ್ ಹಾಡುಗಳಲ್ಲಿ ಅದು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಎಲ್ಲೂ ಎಡವದೆ ಒಂದೇ ಅಳತೆಯಲ್ಲಿ ಸುತ್ತುತ್ತಿದ್ದ ಆ ಬಡಿತದ ಹಿಂದೆ ಎರಡು ಕೈ, ಎರಡು ಕಾಲಿನ ಮನುಷ್ಯನೊಬ್ಬ ಇದ್ದಾನೆಂದು ತೋಚಿರಲಿಲ್ಲ. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡಿನ ಒಂಬತ್ತು ನಿಮಿಷಕ್ಕೂ ಮೀರಿದ ಪೂರ್ಣ ಧ್ವನಿಮುದ್ರಣವನ್ನು ಕೊನೆಯವರೆಗೆ ಕೇಳಿದ ದಿನ ಆ ತಪ್ಪು ತಿಳಿವಳಿಕೆ ಹೋಯಿತು.

ಅದು ಮುದ್ರಣವಾದದ್ದು 1969ರ ನವೆಂಬರ್ 20ರಂದು, ಸಿನ್ಸಿನಾಟಿಯ ಕಿಂಗ್ ಸ್ಟುಡಿಯೊದಲ್ಲಿ. ಮೊದಲ ಐದು ನಿಮಿಷ ವಿಶೇಷವೇನೂ ಇಲ್ಲ, ಇದನ್ನು ಬ್ರೌನ್ ಅವರ ಉತ್ತಮ ಹಾಡುಗಳ ಸಾಲಿಗೆ ನಾನು ಸೇರಿಸಲಾರೆ. ಐದೂವರೆ ನಿಮಿಷದ ಸುಮಾರಿಗೆ ಬ್ರೌನ್ ಹಾಡುವುದನ್ನು ಬಿಟ್ಟು ವಾದ್ಯಗಾರರೊಂದಿಗೆ ಮಾತಿಗಿಳಿಯುತ್ತಾರೆ. ಡ್ರಮ್ಮರ್‌ಗೆ ಒಂದಿಷ್ಟು ಜಾಗ ಬಿಡಿ ಎಂದು ಉಳಿದವರಿಗೆ ಸೂಚಿಸಿ, ಡ್ರಮ್ಮರ್‌ಗೆ ಮಾತ್ರ ಸೋಲೊ ಬೇಡ, ಈಗ ಹಿಡಿದಿರುವುದನ್ನೇ ಬಿಡದೆ ನಡೆಸು ಎನ್ನುತ್ತಾರೆ. ಬ್ರೌನ್ ನಾಲ್ಕರವರೆಗೆ ಎಣಿಸಿ ಮುಗಿಸುತ್ತಲೇ ಉಳಿದೆಲ್ಲ ವಾದ್ಯಗಳೂ ಸುಮ್ಮನಾಗಿ, ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಉಳಿಯುತ್ತಾರೆ. ಎಂಟು ಬಾರ್‌ಗಳು, ಅಂದರೆ ನಾಲ್ಕು ಎಣಿಕೆಯ ಎಂಟು ಆವರ್ತಗಳು, ಹೆಚ್ಚೆಂದರೆ 20 ಸೆಕೆಂಡು. ಆ ನುಡಿಸಾಣಿಕೆ ಬ್ರೌನ್ ಅವರಿಗೆ ಎಷ್ಟು ಹಿಡಿಸಿತೆಂದರೆ, ಈ ಹಾಡಿನ ಹೆಸರು ‘ದಿ ಫಂಕಿ ಡ್ರಮ್ಮರ್’ ಎಂದು ಅವರು ಟೇಪ್ ಓಡುತ್ತಿರುವಾಗಲೇ ಘೋಷಿಸಿಬಿಡುತ್ತಾರೆ.

ಆ 20 ಸೆಕೆಂಡನ್ನು ಬಿಡಿಸಿ ಕೇಳಬೇಕು. ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳವಾದ ಹೈ-ಹ್ಯಾಟ್ ಮೇಲೆ ಬಾರ್‌ಗೆ ಹದಿನಾರರ ಲೆಕ್ಕದಲ್ಲಿ ಸಣ್ಣ ಪೆಟ್ಟುಗಳು ಸಾಗುತ್ತವೆ, ನಡುವೆ ಅಲ್ಲಲ್ಲಿ ಹೈ-ಹ್ಯಾಟ್ ಕ್ಷಣಮಾತ್ರ ಬಾಯಿ ತೆರೆದು ಮುಚ್ಚುತ್ತದೆ. ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ ಮೇಲೆ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಗಟ್ಟಿ ಪೆಟ್ಟು ಬೀಳುತ್ತದೆ. ಅವುಗಳ ನಡುವೆ, ಬಾರಿಸಿದರೋ ಕೈ ಸವರಿದರೋ ಎಂಬಷ್ಟು ಮೆಲ್ಲಗೆ ಬೀಳುವ ಪೆಟ್ಟುಗಳನ್ನು ಡ್ರಮ್ಮರ್‌ಗಳು ಘೋಸ್ಟ್ ನೋಟ್ ಎಂದು ಕರೆಯುತ್ತಾರೆ. ಅವನ್ನು ತೆಗೆದರೆ ಉಳಿಯುವುದು ಬರೀ ಲೆಕ್ಕ. ಟೆನೆಸ್ಸಿಯ ಚಟ್ಟನೂಗದಲ್ಲಿ ಹುಟ್ಟಿದ ಸ್ಟಬಲ್‌ಫೀಲ್ಡ್, ಕಾರ್ಖಾನೆ ಮತ್ತು ರೈಲುಗಳ ಸದ್ದಿನಲ್ಲಿ ಲಯ ಹುಡುಕುತ್ತ ಬೆಳೆದವರು. ಯಂತ್ರದಿಂದ ಕಲಿತವರ ಕೈಚಳಕವನ್ನೇ ನಾನು ಯಂತ್ರವೆಂದು ಭಾವಿಸಿದ್ದೆನೆನ್ನಿ.

1970ರಲ್ಲಿ ಸಿಂಗಲ್ ಆಗಿ, ಎರಡು ಭಾಗಗಳಲ್ಲಿ ಬಂದ ಈ ಹಾಡು ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯಲ್ಲಿ 20ನೇ ಸ್ಥಾನಕ್ಕೇರಿ ಮರೆಯಾಯಿತು. ಅದು ಆಲ್ಬಮ್ ಒಂದಕ್ಕೆ ಸೇರಿದ್ದು 1986ರಲ್ಲಿ, ‘ಇನ್ ದಿ ಜಂಗಲ್ ಗ್ರೂವ್’ ಸಂಕಲನ ಬಂದಾಗ. ಮರುವರ್ಷ ಎಸ್‌ಪಿ-1200 ಎಂಬ ಸ್ಯಾಂಪ್ಲರ್, ಅಂದರೆ ಹಳೆಯ ಧ್ವನಿಮುದ್ರಣದ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಯಂತ್ರ, ಮಾರುಕಟ್ಟೆಗೆ ಬಂತು. ಅದರ ಸ್ಮೃತಿಯಲ್ಲಿ ಹಿಡಿಸುತ್ತಿದ್ದದ್ದು ಒಟ್ಟು 10 ಸೆಕೆಂಡಿನಷ್ಟು ಧ್ವನಿ ಮಾತ್ರ. ಆದರೆ ಈ ಲಯದ ಎರಡು ಬಾರ್‌ಗಳಿಗೆ ಐದು ಸೆಕೆಂಡೂ ಬೇಡ. ಪಬ್ಲಿಕ್ ಎನಿಮಿ ಎಂಬ ರಾಪ್ ತಂಡದ ‘ಫೈಟ್ ದಿ ಪವರ್’ ಸೇರಿದಂತೆ ಸಾವಿರಕ್ಕೂ ಹೆಚ್ಚು ಹಾಡುಗಳು ಇದನ್ನು ಬಳಸಿಕೊಂಡಿವೆ. ಸ್ಟಬಲ್‌ಫೀಲ್ಡ್ ಅವರಿಗೆ ಅವುಗಳಿಂದ ಗೌರವಧನ (ರಾಯಲ್ಟಿ) ಬರಲಿಲ್ಲ, ಏಕೆಂದರೆ ಹಾಡಿನ ರಚನೆಕಾರರಾಗಿ ದಾಖಲಾಗಿದ್ದದ್ದು ಬ್ರೌನ್ ಒಬ್ಬರೇ.

ಇದರ ಹಿಂದಿನ ರೂಢಿಯನ್ನು ಅದೇ ವಾದ್ಯವೃಂದದ ‘ಕೋಲ್ಡ್ ಸ್ವೆಟ್’ ಹಾಡಿನಲ್ಲಿ ಸ್ಪಷ್ಟವಾಗಿ ಕಾಣಬಹುದು. 1967ರಲ್ಲಿ ಬ್ರೌನ್ ತಮ್ಮ ಡ್ರೆಸಿಂಗ್ ರೂಮಿನಲ್ಲಿ ಒಂದು ಬೇಸ್ ಗಿಟಾರಿನ ನಡೆಯನ್ನು ಗಂಟಲಲ್ಲೇ ಗುರುಗುಟ್ಟಿ ತೋರಿಸಿದರು. ಸ್ಯಾಕ್ಸೊಫೋನ್ ವಾದಕ ಪೀ ವೀ ಎಲ್ಲಿಸ್ ಅದನ್ನು ವಾದ್ಯಗಳಿಗೆ ಹೊಂದಿಸಿ ಬರೆದು, ಗಾಳಿವಾದ್ಯಗಳ ಎರಡು ಸ್ವರಗಳ ಉತ್ತರಕ್ಕೆ ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’ನಿಂದ ಪ್ರೇರಣೆ ಪಡೆದರು. ಎಲ್ಲಿಸ್ ಅವರ ಹೆಸರು ಬ್ರೌನ್ ಹೆಸರಿನ ಜೊತೆಗೆ ಲೇಬಲ್ಲಿನಲ್ಲಿ ಬಂತು, ಅದು ನ್ಯಾಯವೇ. ಆದರೆ ಆ ಹಾಡಿಗೆ ಬೆನ್ನೆಲುಬಾದ ಡ್ರಮ್ ನಡೆಯೂ ಸ್ಟಬಲ್‌ಫೀಲ್ಡ್ ಅವರದೇ, ಅದಕ್ಕೆ ಅಂಥ ಜಾಗ ಸಿಗಲಿಲ್ಲ. ರಾಗ ಮತ್ತು ಸಾಹಿತ್ಯ ರಚನೆಯೆನಿಸುತ್ತಿದ್ದವು, ಲಯ ನುಡಿಸಾಣಿಕೆಯೆನಿಸುತ್ತಿತ್ತು. ಲಯವೇ ಜೀವಾಳವಾದ ಫಂಕ್‌ಗೆ ಈ ಅಳತೆಗೋಲು ಹೇಗೆ ಹೊಂದೀತು? ತಪ್ಪು ಸ್ವರ ನುಡಿಸಿದರೆ, ಶೂಗೆ ಪಾಲಿಶ್ ಇಲ್ಲದಿದ್ದರೆ ವೇದಿಕೆಯ ಮೇಲೆಯೇ ಬೆರಳು ತೋರಿಸಿ ದಂಡ ಹಾಕುತ್ತಿದ್ದವರು ಬ್ರೌನ್. ಆ ತಂಡದಲ್ಲಿ ತಪ್ಪು ಯಾರದೆಂಬ ಲೆಕ್ಕವಂತೂ ಪಕ್ಕಾ ಇತ್ತು.

ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಅವರದು ಇನ್ನೂ ಕಠಿಣ ಕಥೆ. 1969ರ ಸಿಂಗಲ್ ಒಂದರ ಹಿಂಬದಿಯಲ್ಲಿದ್ದ ‘ಆಮೆನ್, ಬ್ರದರ್’ನಲ್ಲಿ ಅವರು ಬಾರಿಸಿದ ಸುಮಾರು ಏಳು ಸೆಕೆಂಡುಗಳ ಮೇಲೆ ಜಂಗಲ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಪ್ರಕಾರವೇ ನಿಂತಿತು, ಕೋಲ್ಮನ್ 2006ರಲ್ಲಿ ಅಟ್ಲಾಂಟದಲ್ಲಿ ಮನೆಯಿಲ್ಲದೆ ತೀರಿಕೊಂಡರು.

ಸ್ಟಬಲ್‌ಫೀಲ್ಡ್ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನೆಲೆಸಿದರು. 2000ದಲ್ಲಿ ಅವರಿಗೆ ಕ್ಯಾನ್ಸರ್ ಆದಾಗ ಚಿಕಿತ್ಸೆಯ ಸುಮಾರು 90,000 ಡಾಲರ್ ವೆಚ್ಚವನ್ನು ಅವರ ಅಭಿಮಾನಿಯಾಗಿದ್ದ ಗಾಯಕ ಪ್ರಿನ್ಸ್ ಸದ್ದಿಲ್ಲದೆ ಭರಿಸಿದರು. ಪ್ರಿನ್ಸ್ ತೀರಿಕೊಂಡ ನಂತರವಷ್ಟೇ, 2016ರಲ್ಲಿ, ಈ ಸಂಗತಿ ಹೊರಬಂತು. ಹಣ ಮುಖ್ಯವಲ್ಲ, ಇದನ್ನು ಬಾರಿಸಿದ್ದು ಕ್ಲೈಡ್ ಎಂದು ರೆಕಾರ್ಡಿನ ಮೇಲೆ ಬರೆದರೆ ಸಾಕೆಂದು ಸ್ಟಬಲ್‌ಫೀಲ್ಡ್ 2011ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. 2017ರ ಫೆಬ್ರುವರಿಯಲ್ಲಿ ಅವರು ನಿಧನರಾದರು. ಅವರ ಲಯ ಊರೂರಿನ ಸ್ಪೀಕರುಗಳಲ್ಲಿ ಮೊಳಗುತ್ತಿದ್ದ ಕಾಲದಲ್ಲೇ, ಮ್ಯಾಡಿಸನ್‌ನ ಒಂದು ಕ್ಲಬ್ಬಿನಲ್ಲಿ ಅವರು ಬಹಳ ವರ್ಷ ಸೋಮವಾರ ರಾತ್ರಿಗಳಂದು ಡ್ರಮ್ಸ್ ಬಾರಿಸುತ್ತಿದ್ದರು.