ಮಿಕ್ಸಿಯಲ್ಲಿ ಮಾವಿನ ಡೈಕಿರಿ

ಫ್ರೋಜನ್ ಡೈಕಿರಿ, ಅಂದ್ರೆ ರಮ್, ನಿಂಬೆರಸ, ಸಕ್ಕರೆ ಸೇರಿಸಿ ಮಂಜಿನ ಹಾಗೆ ಅರೆದ ಕಾಕ್‌ಟೇಲ್, ನೀರು ನೀರಾಗೋದು ಐಸ್ ಸುರಿಯೋದ್ರಿಂದ. ಐಸ್ ಬಿಡಿ, ಹಣ್ಣನ್ನೇ ಗಟ್ಟಿ ಮಾಡಿ. ಬಾದಾಮಿ ಮಾವಿನ ಹೋಳುಗಳನ್ನ ತಟ್ಟೆ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಡಬ್ಬಿಗೆ ತುರುಕಿದ್ರೆ ಇಟ್ಟಿಗೆಯಾಗಿ ಮಿಕ್ಸಿ ಬ್ಲೇಡ್ ಸಿಕ್ಕಿಕೊಳ್ಳುತ್ತೆ.

ಇಬ್ಬರಿಗೆ 250 ಗ್ರಾಂ ಹಣ್ಣು, 90 ಮಿ.ಲೀ. ಬಿಳಿ ರಮ್, 45 ಮಿ.ಲೀ. ನಿಂಬೆರಸ, 30 ಮಿ.ಲೀ. ಸಕ್ಕರೆ ಪಾಕ, ಚಿಟಿಕೆ ಉಪ್ಪು. ಮೊದಲು ರಸ, ರಮ್ಮು, ಆಮೇಲೆ ಹಣ್ಣು. ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದ್ರೆ ಬಿಸಿಗೆ ಕರಗುತ್ತೆ. ರಮ್ ಏರಿಸೋ ಆಸೆ ಬೇಡ (ಗೊತ್ತು, ಕೈ ತಡೆಯಲ್ಲ): ಆಲ್ಕೋಹಾಲ್ ಹೆಚ್ಚಾದಷ್ಟೂ ಗಟ್ಟಿತನ ಹೋಗುತ್ತೆ.

ಕೊರೆಯೋ ತಂಪಿನಲ್ಲಿ ನಾಲಿಗೆಗೆ ಸಿಹಿ ಮಂಕು. ಅರ್ಧ ಕರಗಿದ ಲೋಟದ ಕೊನೇ ಗುಟುಕೇ ಯಾಕೆ ಅಷ್ಟು ಸಿಹಿ ಅನ್ನೋದಕ್ಕೆ ಕಾರಣ ಇಷ್ಟೇ.